ಬ್ರೈಲ್ ಹಾಳೆಯಲ್ಲಿ ಭಿನ್ನರಾಶಿ ಕೆಟ್ಟು ಬರ್ತಿದೆ, 10ನೇ ಕ್ಲಾಸಿನ ಹುಡುಗಿಗೆ ಬೇಕು

ಗಣಿತ ಶಿಕ್ಷಕ, ಆಳಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಾಳೆ. ಕನ್ನಡ ಬ್ರೈಲ್ ಸರಾಗವಾಗಿ ಓದುತ್ತಾಳೆ. ವರ್ಗ ಸಮೀಕರಣದ ಲೆಕ್ಕಗಳನ್ನು ಟೈಪ್ ಮಾಡಿ, ಕಲಬುರಗಿಯಲ್ಲಿ ಬ್ರೈಲ್ ಪ್ರಿಂಟರ್ ಇರುವವರ ಹತ್ತಿರ ಹಾಳೆ ತೆಗೆಸಿಕೊಂಡು ಬಂದೆ. ನುಡಿ ಫಾಂಟಿನಲ್ಲಿದ್ದದ್ದನ್ನು ಯೂನಿಕೋಡ್‌ಗೆ ಬದಲಾಯಿಸಿದ್ದರಿಂದ ಕನ್ನಡ ಚೆನ್ನಾಗಿ ಬಂದಿದೆ. ಗಣಿತ ಮಾತ್ರ ಕೆಟ್ಟಿದೆ.

ನಾನು ಕೊಟ್ಟಿದ್ದು ಮೇಲೆ ಎಕ್ಸ್ + 1, ಗೆರೆ, ಕೆಳಗೆ ಎಕ್ಸ್ − 2. ಅವಳು ಬೆರಳಾಡಿಸಿ ಓದಿದ್ದು: "ಎಕ್ಸ್, ಕೂಡಿಸು, 1 ಭಾಗಿಸು ಎಕ್ಸ್, ಕಳೆ, 2." 1ನ್ನು ಮಾತ್ರ ಎಕ್ಸ್‌ನಿಂದ ಭಾಗಿಸಿ ಲೆಕ್ಕ ಮಾಡಿದಳು. ನಾನು ತಪ್ಪು ಅಂದುಬಿಟ್ಟೆ. ಮನೆಗೆ ಹೋಗಿ ಯೋಚಿಸಿದಾಗ ಗೊತ್ತಾಯ್ತು, ಹಾಳೆಯಲ್ಲಿ ಇದ್ದದ್ದನ್ನೇ ಅವಳು ಸರಿಯಾಗಿ ಮಾಡಿದ್ದಳು. ಎಕ್ಸ್ ವರ್ಗವೂ "ಎಕ್ಸ್ 2" ಆಗಿದೆ. ಏನು ಮಾಡ್ಲಿ?

ರಿಸೋರ್ಸ್ ಟೀಚರ್, ಬೀದರ್:
ಸರ್, ಸಮೀಕರಣವನ್ನೂ ಸಾದಾ ಟೆಕ್ಸ್ಟ್ ಆಗಿ ಹಾಕಿದ್ದೀರಿ ಅನ್ಸುತ್ತೆ. ಭಿನ್ನರಾಶಿಯ ಗೆರೆ, ಮೇಲೇರಿದ 2, ಎರಡೂ ಅಲ್ಲೇ ಕಳೆದುಹೋಗ್ತವೆ. ಬ್ರೈಲ್ ಒಂದೇ ಸಾಲಿನಲ್ಲಿ ಹೋಗುತ್ತೆ. ಅದಕ್ಕೇ ನೆಮೆತ್ ಕೋಡ್ ಬೇಕು, ಅಂದ್ರೆ ಬ್ರೈಲ್‌ನಲ್ಲಿ ಗಣಿತ ಬರೆಯೋ ಪದ್ಧತಿ. ಅಮೆರಿಕದ ಗಣಿತ ಪ್ರೊಫೆಸರ್ ಅಬ್ರಹಾಂ ನೆಮೆತ್ ಮಾಡಿದ್ದು, ಅವರೂ ಅಂಧರೇ. 1952ರಲ್ಲಿ ಪ್ರಕಟವಾಯಿತು. ಬ್ರೈಲ್‌ನ ಆರು ಚುಕ್ಕಿಗಳಿಗೆ ಎಡಗಡೆ ಮೇಲಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6 ಅಂತ ಸಂಖ್ಯೆ. ಭಿನ್ನರಾಶಿ ಶುರುವಿಗೆ 1-4-5-6 ಚುಕ್ಕಿ, ನಡುವಿನ ಗೆರೆಗೆ 3-4, ಮುಗಿಯೋಕೆ 3-4-5-6. ಘಾತಕ್ಕೆ ಮೊದಲು 4-5.

ಕನ್ನಡ ವಾಕ್ಯಗಳನ್ನು ಮೊದಲಿನ ಹಾಗೇ ಮಾಡಿ. ಲೆಕ್ಕಗಳನ್ನು ಬ್ರೈಲ್‌ಬ್ಲಾಸ್ಟರ್‌ನಲ್ಲಿ ಬೇರೆ ಟೈಪ್ ಮಾಡಿ, ಅದು ಬ್ರೈಲ್‌ಗೆ ಬದಲಾಯಿಸೋ ಉಚಿತ ಸಾಫ್ಟ್‌ವೇರ್. ನೆಮೆತ್ ಆರಿಸಿ, ಅಂಶಕ್ಕೂ ಛೇದಕ್ಕೂ ಆವರಣ ಹಾಕಿ. ಎರಡನ್ನೂ ಬಿಆರ್‌ಎಫ್ (ಬ್ರೈಲ್ ಪ್ರಿಂಟರಿಗೆ ಕೊಡೋ ಫೈಲ್) ಆಗಿ ಉಳಿಸಿ, ಲೆಕ್ಕದ ಸಾಲುಗಳನ್ನು ಕನ್ನಡದ ಫೈಲ್‌ಗೆ ಅಂಟಿಸಿ. ನೋಟ್‌ಪ್ಯಾಡ್ ಸಾಕು. ಸಾಲಿನ ಉದ್ದ ಎರಡರಲ್ಲೂ ಒಂದೇ ಇರಲಿ, ಇಲ್ದಿದ್ರೆ ಸಮೀಕರಣ ನಡುವೆ ತುಂಡಾಗುತ್ತೆ. ಪ್ರಿಂಟ್ ತೆಗೆಯುವವರಿಗೆ "ಇದನ್ನ ಮತ್ತೆ ಟ್ರಾನ್ಸ್‌ಲೇಟ್ ಮಾಡ್ಬೇಡಿ" ಅಂತ ಮರೆಯದೆ ಹೇಳಿ.

ಗಣಿತ ಶಿಕ್ಷಕ, ಆಳಂದ:
ಹಾಗೇ ಮಾಡಿದೆ ಮೇಡಂ. ಹೊಸ ಹಾಳೆ ಕೊಟ್ಟ ಕೂಡಲೇ ಅವಳು ಕೇಳಿದಳು: "ಸರ್, ಇಲ್ಲಿ 'ಥ' ಯಾಕ ಅದ ರೀ? ಕಡೀಕ 'ಣ' ಅದ." ಇನ್ನೊಂದು ಲೆಕ್ಕದಲ್ಲಿ 4 ಇರುವ ಕಡೆ ಪೂರ್ಣವಿರಾಮ ಇದೆ ಅಂತಾಳೆ. ಫೈಲ್ ಮತ್ತೆ ಕೆಟ್ಟಿತಾ?

ಡಿಗ್ರಿ ವಿದ್ಯಾರ್ಥಿ, ಯಾದಗಿರಿ:
ಕೆಟ್ಟಿಲ್ಲ ಸರ್. ನಾನೂ ಬ್ರೈಲ್‌ನಲ್ಲೇ ಓದಿದವನು. ಕನ್ನಡ ಬ್ರೈಲ್‌ನಲ್ಲಿ 1-4-5-6 ಅಂದ್ರೆ ಥ, 3-4-5-6 ಅಂದ್ರೆ ಣ. ಇರೋದು ಆರೇ ಚುಕ್ಕಿ, ಒಂದೊಂದು ಗುರುತಿಗೆ ಎರಡು-ಮೂರು ಕೆಲಸ. ಅಂಕಿಗಳೂ ಅಷ್ಟೇ. ನಾವು ಮೊದಲು ಕಲಿಯೋ ಅಂಕಿ ಮೇಲಿನ ನಾಲ್ಕು ಚುಕ್ಕಿಯಲ್ಲಿರುತ್ತೆ, ನೆಮೆತ್‌ನಲ್ಲಿ ಅದೇ ಆಕಾರ ಒಂದು ಮೆಟ್ಟಿಲು ಕೆಳಗಿಳಿಯುತ್ತೆ. ಹಾಗಾಗಿ 4, ಅಂದ್ರೆ 2-5-6, ಬೆರಳಿಗೆ ಪೂರ್ಣವಿರಾಮ ಅನ್ಸುತ್ತೆ.

ಸದ್ಯಕ್ಕೆ ಹಾಳೆ ಜಾಸ್ತಿ ಕೊಡಬೇಡಿ, ಕೋಡ್ ಕಲಿಸಿ. 'ಣ'ನೇ ಅಂಕಿಯ ಮುಂಚೆ ಹಾಕೋ ಗುರುತೂ ಹೌದು ಅಂತ ಅವಳಿಗೆ ಮೊದಲೇ ಗೊತ್ತಿರುತ್ತೆ, ಅಲ್ಲಿಂದಲೇ ಶುರು ಮಾಡಿ. ನೀವು ಬಾಯಲ್ಲಿ ಹೇಳಿ, ಅವಳು ಬ್ರೈಲ್ ಸ್ಲೇಟಿನಲ್ಲಿ ಹಾಳೆ ಇಟ್ಟು ಚುಕ್ಕಿ ಚುಚ್ಚಲಿ, ಹಾಳೆ ತಿರುಗಿಸಿ ಓದಲಿ. ಅರ್ಧ, ಮುಕ್ಕಾಲು ಮೊದಲು, ಎಕ್ಸ್ ಆಮೇಲೆ. ಗಣಿತ ಶುರುವಾಗೋ ಕಡೆ 4-5-6, 1-4-6 ಹಾಕಿ, ಮುಗಿಯೋ ಕಡೆ 4-5-6, 1-5-6. ಇಂಗ್ಲಿಷ್ ಬ್ರೈಲ್ ಪುಸ್ತಕಗಳ ಗುರುತು, ನಮಗೂ ನಡೆಯುತ್ತೆ.

ಪರೀಕ್ಷೆಯಲ್ಲಿ ಬರೆಯೋಕೆ ಸಹಾಯಕರು ಸಿಗ್ತಾರೆ, ನಿಜ. ಆದ್ರೆ ಐದು ಸಾಲಿನ ಲೆಕ್ಕವನ್ನು ತಲೆಯಲ್ಲೇ ಹಿಡ್ಕೊಂಡು ಹೇಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಿಂದಿನ ಸಾಲನ್ನು ತಾನೇ ಮುಟ್ಟಿ ನೋಡೋ ಹಾಗಾದ್ರೆ ಅವಳು ಗಣಿತ ಬಿಡಲ್ಲ ಸರ್.

ಗಣಿತ ಶಿಕ್ಷಕ, ಆಳಂದ:
ಹತ್ತು ದಿನ ಊಟದ ಬಿಡುವಿನಲ್ಲಿ ಇಬ್ಬರೂ ಕೂತೆವು. ಇವತ್ತು ನಾನೇ ಸ್ಲೇಟಿನಲ್ಲಿ ಒಂದು ಲೆಕ್ಕ ಚುಚ್ಚಿ ಕೊಟ್ಟೆ. ಸಾಲಿನ ಕೊನೆಗೆ ಬೆರಳು ನಿಲ್ಲಿಸಿ, "ಸರ್, ಭಿನ್ನರಾಶಿ ಮುಚ್ಚಿಲ್ಲ ರೀ" ಅಂದಳು. ನೋಡಿದ್ರೆ ಹೌದು, 3-4-5-6 ಬಿಟ್ಟಿದ್ದೆ. ಬೀದರಿನ ಮೇಡಂಗೆ, ಯಾದಗಿರಿಯ ತಮ್ಮನಿಗೆ ತುಂಬಾ ಥ್ಯಾಂಕ್ಸ್. ನಾಳೆ ವರ್ಗಮೂಲ. ಶುರುವಿಗೆ 3-4-5, ಮುಗಿಯೋಕೆ 1-2-4-5-6, ಸರಿ ಅಲ್ವಾ?

ರಿಸೋರ್ಸ್ ಟೀಚರ್, ಬೀದರ್:
ಸರಿ ಸರ್. ಮುಗಿಯೋ ಗುರುತು ಹಾಕಲೇಬೇಕು. ಬಿಟ್ರೆ ಅವಳೇ ಹಿಡೀತಾಳೆ ಬಿಡಿ.