ಪದಚರ್ಚೆ: ಹಾರುಗಪ್ಪೆಯೋ, ತೇಲುಗಪ್ಪೆಯೋ?

ಎಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ಕಪ್ಪೆ ನೋಡಲು ಉತ್ತರ ಕನ್ನಡದ ಕತ್ತಲೆಕಾನು ಕಾಡಿಗೆ ಬರುವವರಿಗಾಗಿ ಶಿರಸಿಯಲ್ಲಿ ಒಂದು ಪುಟ್ಟ ಕೈಪಿಡಿ ಸಿದ್ಧವಾಗುತ್ತಿದೆ. ಕೆಲವು ಕಡೆ ಪದ ಸಿಕ್ಕಿಕೊಂಡಿದೆ. 1870ರಲ್ಲಿ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಹೆಸರಿಸಿದ, ಹಸಿರು ಮೈಯ, ಬೆರಳುಗಳ ನಡುವೆ ಕೆಂಪು ಪೊರೆಯಿರುವ ಮರಗಪ್ಪೆಯನ್ನು ‘ಹಾರುವ ಕಪ್ಪೆ’ ಎನ್ನಬೇಕೋ, ‘ತೇಲುಗಪ್ಪೆ’ ಎನ್ನಬೇಕೋ? ಅದರ ನೊರೆಯ ಗೂಡಿಗೆ ಏನು ಹೇಳೋಣ? ‘ಗೊದಮೊಟ್ಟೆ’ ಎಂದರೆ ಓದುಗರಿಗೆ ಸರಿಯಾಗಿ ತಿಳಿದೀತೇ? ‘ಮಳೆಕಾಡು’ ಪದ ಇಟ್ಟುಕೊಳ್ಳಬಹುದೇ?

ಉತ್ತರ 1

‘ತೇಲುಗಪ್ಪೆ’ ಖಂಡಿತ ಬೇಡ. ಓದಿದವರು ನೀರಿನಲ್ಲಿ ಹುಡುಕುತ್ತಾರೆ. ಕಪ್ಪೆ ಕೂತಿರುವುದು ತಲೆಯ ಮೇಲಿನ ಎಲೆಯಲ್ಲಿ. ‘ಹಾರುವ ಕಪ್ಪೆ’ ಎಂದು ಬಿಡಿಸಿ ಬರೆದರೂ ತೊಡಕಿದೆ. ಕನ್ನಡದಲ್ಲಿ ಹಾರು ಎಂದರೆ ಜಿಗಿಯುವುದೂ ಹೌದು, ದಂಡೆಯಿಂದ ನೀರಿಗೆ ಹಾರದ ಕಪ್ಪೆ ಯಾವುದಿದೆ? ಮಲೆನಾಡಿನವರ ಬಾಯಲ್ಲಿ ಹಾರುವ ಅಳಿಲಿಗೆ ‘ಹಾರುಬೆಕ್ಕು’ ಎಂಬ ಹೆಸರು ಇದ್ದೇ ಇದೆ. ಅದೇ ಜಾಡಿನಲ್ಲಿ ಒಂದೇ ಪದವಾಗಿ ‘ಹಾರುಗಪ್ಪೆ’ ಎನ್ನಿ. ಮರಗಪ್ಪೆಯಲ್ಲಿ ಆದಂತೆ ಇಲ್ಲೂ ಕಕಾರ ಗಕಾರವಾಗುತ್ತದೆ. ವಿವರಣೆಯಲ್ಲಿ ಮಾತ್ರ, ಅದು ರೆಕ್ಕೆ ಬಡಿದು ಮೇಲೇರುವುದಿಲ್ಲ, ನಾಲ್ಕೂ ಪಾದಗಳ ಪೊರೆ ಬಿಚ್ಚಿ ಎತ್ತರದಿಂದ ಓರೆಯಾಗಿ ಇಳಿಯುತ್ತದೆ ಎಂದು ಬಿಡಿಸಿ ಹೇಳಿ.

ಗೂಡಿಗೆ ‘ನೊರೆಗೂಡು’ ಸಾಕು. ಆದರೆ ‘ಗೂಡು ಕಟ್ಟುತ್ತದೆ’ ಎನ್ನುವುದಕ್ಕಿಂತ ‘ನೊರೆ ಕಡೆಯುತ್ತದೆ’ ಎನ್ನುವುದು ನಿಜಕ್ಕೆ ಹತ್ತಿರ. ಹೆಣ್ಣು ತಾನು ಸುರಿಸಿದ ಲೋಳೆಯನ್ನು ಹಿಂಗಾಲಿನಿಂದ ಕಡೆದು ನೊರೆ ಎಬ್ಬಿಸುತ್ತದೆ, ಮೊಟ್ಟೆ ಅದರೊಳಗೇ ಸೇರುತ್ತದೆ. ಹೊರಪದರ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಪಸೆ ಉಳಿಯುತ್ತದೆ. ಮರಿಗಳು ಬೆಳೆದು ನೊರೆ ಕರಗಿದಾಗ ಕೆಳಗಿನ ನೀರಿಗೆ ಉದುರುತ್ತವೆ. ಹಾಗಾಗಿ ಗೂಡು ಸದಾ ನೀರಿನ ನೇರಕ್ಕೇ ಇರಬೇಕು. ಫೋಟೋಗಾಗಿ ಕೊಂಬೆಯನ್ನು ಎಳೆದು ಪಕ್ಕಕ್ಕೆ ಸಿಕ್ಕಿಸಿದರೆ ಮರಿಗಳೆಲ್ಲ ನೆಲದ ಪಾಲು. ಮಳೆ ಬಿಟ್ಟು ಹಲವು ದಿನ ಬಿಸಿಲು ಕಾದರೆ ಗೂಡು ಒಳಗಿನ ತನಕ ಒಣಗಿಹೋಗುವುದೂ ಉಂಟು. ಶಿರಸಿ ಸುತ್ತಿನ ಅಡಿಕೆ ತೋಟಗಳಲ್ಲಿ ಬಾವಿ, ನೀರಿನ ತೊಟ್ಟಿಯ ಮೇಲೂ ಇವು ಕಾಣುತ್ತವೆ. ಕೊಳೆ ಎಂದು ಕೆರೆದು ತೆಗೆಯದಿರಲು ಹೇಳುವ ಒಂದು ಸಾಲು ಕೈಪಿಡಿಯಲ್ಲಿ ಇರಲೇಬೇಕು.

‘ಗೊದಮೊಟ್ಟೆ’ ಒಳ್ಳೆಯ ಪದ, ಪಠ್ಯಪುಸ್ತಕದಲ್ಲೂ ಇದೆ. ಆದರೆ ಪಕ್ಕದಲ್ಲೇ ‘ಮೊಟ್ಟೆ’ ಬಂದರೆ ಮಕ್ಕಳು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಮೊದಲ ಸಲ ‘ಬಾಲವಿರುವ ಮರಿ, ಅಂದರೆ ಗೊದಮೊಟ್ಟೆ’ ಎಂದು ಬರೆಯಿರಿ. ‘ಎಲ್ಲ ಕಪ್ಪೆಗಳೂ ಗೊದಮೊಟ್ಟೆಯಾಗಿ ಬೆಳೆಯುತ್ತವೆ’ ಎಂಬ ವಾಕ್ಯ ಕರಡಿನಲ್ಲಿದ್ದರೆ ತೆಗೆದುಹಾಕಿ. ಬೆರಳತುದಿಯಷ್ಟಿರುವ ಪೊದೆಗಪ್ಪೆಗಳಿಗೆ ಆ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆಯೇ ಹೊರಬರುತ್ತದೆ.

‘ಮಳೆಕಾಡು’ ತಪ್ಪಲ್ಲ. ಆದರೂ ಊರಿನ ಹೆಸರಿನಲ್ಲೇ ‘ಕಾನು’ (ದಟ್ಟ ಹಸಿರು ಕಾಡು) ಇರುವಾಗ ಅದನ್ನು ಬಿಡುವುದೇಕೆ? ರಾಮಪತ್ರೆ ಮರಗಳು ಬೇರನ್ನು ನೀರಿನಿಂದ ಮೇಲೆತ್ತಿ ನಿಂತ ಜೌಗಿಗೂ ‘ರಾಮಪತ್ರೆ ಜಡ್ಡಿ’ ಎನ್ನುವುದೇ ಚೆಂದ.

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ. ಕುಂಬಾರ ಕಪ್ಪೆಯ ಬಗ್ಗೆ ಒಂದು ಮಾತು ಸೇರಿಸಬೇಕು. 2014ರಲ್ಲಿ ವಿಜ್ಞಾನಿಗಳು ಇದಕ್ಕೆ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದೇ ಹೆಸರಿಟ್ಟರು, ಕನ್ನಡದ ಪದ ಶಾಸ್ತ್ರೀಯ ಹೆಸರಿನೊಳಗೇ ಕೂತಿತು. ಹಾಗೆಂದು ‘ಮಡಕೆ ಮಾಡುತ್ತದೆ’ ಎಂದು ಬರೆಯಬೇಡಿ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಹಳ್ಳದ ತಳದ ಮಣ್ಣನ್ನು ಮುಂಗೈಯಲ್ಲಿ ಎತ್ತಿ ಮೊಟ್ಟೆಗಳ ಮೇಲೆ ಬಳಿಯುತ್ತದೆ. ಸರಿಯಾದ ಕ್ರಿಯಾಪದ ‘ಮೆತ್ತು’. ಮೊಟ್ಟೆಗಳು ನೀರಿಗಿಂತ ತುಸು ಮೇಲೆ ಕಡ್ಡಿ, ಕಲ್ಲುಗಳಿಗೆ ಅಂಟಿರುತ್ತವೆ; ಮಣ್ಣು ಮೆತ್ತಿದ ಮೇಲಂತೂ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ‘ಹಳ್ಳದಲ್ಲಿ ನಿಧಾನವಾಗಿ ನಡೆಯಿರಿ’ ಎಂದರೆ ಸಾಲದು, ‘ಹಳ್ಳಕ್ಕೆ ಇಳಿಯಬೇಡಿ, ದಂಡೆಯಲ್ಲೇ ನಿಲ್ಲಿ’ ಎಂದಿರಲಿ.

ಇನ್ನು, ಬರೀ ‘ಮುಟ್ಟಬೇಡಿ’ ಎಂದರೆ ಜನ ಕೇಳುವುದಿಲ್ಲ, ಕಾರಣವನ್ನೂ ಹೇಳಿ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರು ಹೀರುತ್ತದೆ. ಕೈಗೆ ಸವರಿದ ಸೊಳ್ಳೆ ಮುಲಾಮು, ಉಂಬಳಕ್ಕೆಂದು (ಜಿಗಣೆಗೆಂದು) ಹಚ್ಚಿದ ಉಪ್ಪು, ಹೊಗೆಸೊಪ್ಪಿನ ಪುಡಿ ಎಲ್ಲವೂ ಅದರ ಮೈಗೆ ಇಳಿಯುತ್ತವೆ. ಬೇರೆ ಕಾಡಿನ ಕೆಸರು ಮೆತ್ತಿದ ಬೂಟನ್ನು ತೊಳೆದು ಒಣಗಿಸಿ ತರಬೇಕು, ಕಪ್ಪೆಗಳ ಶಿಲೀಂಧ್ರ ರೋಗ ಆ ಕೆಸರಿನಲ್ಲೂ ಬರಬಹುದು. ರಾತ್ರಿ ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಮೊದಲ ಪುಟದಲ್ಲೇ ಹಾಕಿಬಿಡಿ.