ಊರಿಗೆ ಬರುವ ಟಿಕೆಟ್‌ನಲ್ಲಿ ಪರಿಸರ ಶುಲ್ಕ: ಇದರಿಂದ ಎಷ್ಟು ಹೊಗೆ ಕಡಿಮೆಯಾಗುತ್ತದೆ?

ಸಕಲೇಶಪುರದವಳು:
ನಾನಿರುವುದು ಫ್ರಾಂಕ್‌ಫರ್ಟ್ ಹತ್ತಿರ. ವರ್ಷಕ್ಕೊಂದು ಸಲ ಅಮ್ಮನನ್ನು ನೋಡಲು ಬೆಂಗಳೂರಿಗೆ ಹಾರುತ್ತೇನೆ. ಈ ಸಲ ಟಿಕೆಟ್‌ನಲ್ಲಿ ಪರಿಸರ ಶುಲ್ಕ ಅಂತ ಬೇರೆ ಸಾಲು ಇತ್ತು. ಇನ್ನೂ ಸ್ವಲ್ಪ ಕೊಟ್ಟರೆ ಹಸಿರು ಇಂಧನ ಬಳಸುತ್ತೇವೆ ಅಂತಲೂ ಕೇಳಿದರು. ಅಮ್ಮನಿಗೆ ಎಂಬತ್ತಾಯಿತು, ಬರದೆ ಇರಲು ಆಗುವುದಿಲ್ಲ. ಆದರೆ ನಮ್ಮ ಕಾಫಿ ತೋಟಕ್ಕೆ ಹೂಮಳೆ ಹೊತ್ತಿಗೆ ಸರಿಯಾಗಿ ಬೀಳದ ವರ್ಷಗಳನ್ನೂ ನೋಡಿದ್ದೇನೆ. ದುಡ್ಡು ಕೊಡಲು ಮನಸ್ಸಿದೆ. ಕೊಟ್ಟದ್ದಕ್ಕೆ ಕೆಲಸ ಆಗುತ್ತದಾ?

ಇಂಧನದ ಲೆಕ್ಕ:
ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನು. ಒರಟು ಲೆಕ್ಕ ಕೊಡುತ್ತೇನೆ. ಆ ದಾರಿ ಸುಮಾರು 7,400 ಕಿ.ಮೀ. ಒಂದು ಸೀಟಿನ ಪಾಲಿಗೆ 180 ಕೆಜಿ ಇಂಧನ ಅಂತಿಟ್ಟುಕೊಳ್ಳಿ. ಒಂದು ಕೆಜಿ ಉರಿದರೆ 3.16 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಕಡೆಗೇ ಅರ್ಧ ಟನ್‌ಗಿಂತ ಜಾಸ್ತಿ.

ಯುರೋಪಿನಲ್ಲಿ 2025ರಿಂದ ವಿಮಾನ ಇಂಧನಕ್ಕೆ ಶೇ 2ರಷ್ಟು ಹಸಿರು ಇಂಧನ ಬೆರೆಸುವುದು ಕಡ್ಡಾಯ. 2030ಕ್ಕೆ ಶೇ 6. ನಿಮ್ಮ ಸೀಟಿನ ಪಾಲಿಗೆ ಶೇ 2 ಅಂದರೆ ಮೂರೂವರೆ ಕೆಜಿ. ಹಸಿರು ಇಂಧನ ತಯಾರಿಸುವಾಗಲೂ ಒಂದಿಷ್ಟು ಹೊಗೆ ಬರುವುದರಿಂದ, ಅದರಿಂದ ಕಡಿಮೆಯಾಗುವುದು ಸುಮಾರು 9 ಕೆಜಿ ಹೊಗೆ, ಅಷ್ಟೇ. ಹಸಿರು ಇಂಧನದ ಬೆಲೆ ಮಾಮೂಲಿಯ ಮೂರು ಪಟ್ಟು ಅಂದುಕೊಂಡರೆ, ಈ ಒಂಬತ್ತು ಕೆಜಿಗೆ ಸುಮಾರು ಐದು ಯೂರೋ ಹೆಚ್ಚುವರಿ ಖರ್ಚು. ಟನ್ ಲೆಕ್ಕದಲ್ಲಿ 500 ಯೂರೋ ದಾಟುತ್ತದೆ. ಯುರೋಪಿನ ಕಾರ್ಬನ್ ಮಾರುಕಟ್ಟೆಯಲ್ಲಿ, ಅಂದರೆ ಹೊಗೆ ಬಿಡಲು ಕಂಪನಿಗಳು ಪರವಾನಗಿ ಕೊಳ್ಳುವ ಕಡೆ, 2025ರಲ್ಲಿ ಟನ್ನಿಗೆ 70–80 ಯೂರೋ ಆಸುಪಾಸು ಇತ್ತು.

ನನಗೆ ಬೇಜಾರಾಗುವ ವಿಷಯ ಬೇರೆ. ಫ್ರಾಂಕ್‌ಫರ್ಟ್‌ನಿಂದ ಪ್ಯಾರಿಸ್‌ಗೆ ಹಾರಿದರೆ ಏರ್‌ಲೈನ್ ಆ ಮಾರುಕಟ್ಟೆಯಲ್ಲಿ ಪರವಾನಗಿ ಕೊಳ್ಳಬೇಕು. ಬೆಂಗಳೂರಿಗೆ ಹಾರಿದರೆ ಬೇಡ! ಹೊಗೆ ಜಾಸ್ತಿ ಇರುವಲ್ಲೇ ಬೆಲೆ ಇಲ್ಲ. ನೀವು ಮೇಲೆ ಕೊಡುವ ದುಡ್ಡಿನ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಕಡ್ಡಾಯದ ಶೇ 2ನ್ನು ಬಿಟ್ಟು ಹೆಚ್ಚಿಗೆ ಇಂಧನ ಕೊಳ್ಳುತ್ತೀರಾ? ಹೌದು ಅಂತ ಲಿಖಿತವಾಗಿ ಹೇಳಿದರೆ ಕೊಡಿ. ಇಲ್ಲದಿದ್ದರೆ ಬೇಡ.

ದಾವಣಗೆರೆ ಮಿರ್ಚಿ ಅಂಗಡಿ:
ಅಕ್ಕಾ, ಆ ಹಸಿರು ಇಂಧನ ಬಹಳಷ್ಟು ಕರಿದ ಎಣ್ಣೆಯಿಂದಲೇ ಆಗುವುದು. ಮೊದಲು ಉಳಿದ ಎಣ್ಣೆಯನ್ನು ಕಡಿಮೆ ಬೆಲೆಗೆ ಯಾರಿಗೋ ಕೊಡುತ್ತಿದ್ದೆವು, ಅವರು ಮತ್ತೆ ಕರಿಯುತ್ತಿದ್ದರು. ಈಗ ಏಜೆಂಟ್ ಬಂದು ತೂಕ ಮಾಡಿ ಒಯ್ಯುತ್ತಾರೆ. ತಿಂಗಳಿಗೆ 15 ಕೆಜಿಯ ಎರಡು ಟಿನ್ ಆಗುತ್ತದೆ. ಮೇಲಿನವರ ಲೆಕ್ಕ ನೋಡಿದೆ. ಎಣ್ಣೆಯಷ್ಟೂ ಇಂಧನ ಆಗುವುದಿಲ್ಲವಲ್ಲ, ಹಾಗಾಗಿ ನಮ್ಮ ಅಂಗಡಿಯ ಆರು ತಿಂಗಳ ಎಣ್ಣೆ ಕೂಡಿಟ್ಟರೂ ನಿಮ್ಮ ಒಂದು ಸೀಟಿಗೆ, ಅದೂ ಒಂದು ಕಡೆಗೆ ಸಾಲುವುದಿಲ್ಲ. ನಮ್ಮ ದೇಶದ ಗುರಿ ಅಂತರರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ಶೇ 1, 2030ಕ್ಕೆ ಶೇ 5. ಇಷ್ಟಕ್ಕೇ ಎಷ್ಟು ಬಾಣಲೆ ಬೇಕು, ಯೋಚಿಸಿ. ಕಬ್ಬಿನ ಎಥೆನಾಲ್, ಬೆಳೆ ತ್ಯಾಜ್ಯದಿಂದಲೂ ಮಾಡಲೇಬೇಕಾಗುತ್ತದೆ.

ಸಕಲೇಶಪುರದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ ಪ್ರಶ್ನೆಯನ್ನು ಏರ್‌ಲೈನ್‌ಗೆ ಬರೆದಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಸಲ ಆಫೀಸ್ ಕೆಲಸಕ್ಕೆ ಬರ್ಲಿನ್‌ಗೆ ಹಾರುತ್ತಿದ್ದೆ. ರೈಲಿಗೆ ನಾಲ್ಕು ಗಂಟೆ ಸಾಕು. ಮುಂದಿನ ತಿಂಗಳಿನದು ರೈಲಿನಲ್ಲೇ ಬುಕ್ ಮಾಡಿದೆ. ಅಮ್ಮನ ಹತ್ತಿರ ಈ ಸಲ ಎರಡು ವಾರದ ಬದಲು ಆರು ವಾರ ಇರುತ್ತೇನೆ.