ನಿಂತಲ್ಲೇ ನಡುಗುವ ಗಾಡಿ: ಮೆಕ್ಯಾನಿಕ್ ಅಣ್ಣನಿಗೆ ಪ್ರಶ್ನೆಗಳು

ತುಮಕೂರಿನ ಸದಸ್ಯ: ಅಣ್ಣ, ಎಸಿ ಹಾಕಿದ ತಕ್ಷಣ ಆರ್‌ಪಿಎಂ 500ಕ್ಕೆ ಬೀಳುತ್ತದೆ. ಗಾಡಿ ಗಡಗಡ ನಡುಗುತ್ತದೆ.

ಮೆಕ್ಯಾನಿಕ್: ಮೊದಲ ಅನುಮಾನ ಥ್ರಾಟಲ್ ಬಾಡಿಯ ಮೇಲೆ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು. ಕಾರ್ಬನ್ ಕ್ಲೀನ್ ಮಾಡಿಸಿ. ಆಮೇಲೆ ಸ್ಕ್ಯಾನರ್ ಹಾಕಿ ಐಡಲ್ ರೀಲರ್ನ್ (ನಿಂತಲ್ಲೇ ಓಡುವಾಗಿನ ವೇಗವನ್ನು ಎಂಜಿನ್ನಿಗೆ ಮತ್ತೆ ಕಲಿಸುವುದು) ಮಾಡಿಸುವುದನ್ನು ಮರೆಯಬೇಡಿ.

ಹುಣಸೂರಿನ ಸದಸ್ಯ: ಹಳೇ ಕಾರ್ಬ್ಯುರೇಟರ್ ಓಮ್ನಿ. ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಬಿಡಬೇಕು?

ಮೂಡಿಗೆರೆಯ ಸದಸ್ಯೆ: ಸರ್, ಪೆಟ್ರೋಲ್ ಕಾರು. ಐಡಲ್‌ನಲ್ಲಿ ನಡುಗುತ್ತದೆ, ಪಿ0171 ಕೋಡ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ) ಬಂದಿದೆ. ಗ್ಯಾರೇಜಿನಲ್ಲಿ ಪ್ಲಗ್, ಕಾಯಿಲ್, ಆಕ್ಸಿಜನ್ ಸೆನ್ಸರ್ ಎಲ್ಲ ಹೊಸದು ಹಾಕಿದರು. ಹಾಗೇ ಇದೆ. ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ (ಪೆಟ್ರೋಲ್ ಶೇಕಡಾ ಎಷ್ಟು ಹೆಚ್ಚು-ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ) ಐಡಲ್‌ಗೆ +22, 2500 ಆರ್‌ಪಿಎಂಗೆ +4. ಇನ್ನೊಂದು, ಬ್ರೇಕ್ ಒತ್ತಿದರೆ ಆರ್‌ಪಿಎಂ ಬದಲಾಗುತ್ತದೆ. ಪೆಡಲ್ ಈಚೆಗೆ ಗಟ್ಟಿ ಅನಿಸುತ್ತಿದೆ. ಭಾನುವಾರ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವುದಿದೆ.

ಮಂಡ್ಯದ ಸದಸ್ಯ: ಮೇಡಂ, ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿ. ಬ್ಯಾಟರಿ ಟರ್ಮಿನಲ್ 10 ನಿಮಿಷ ಬಿಚ್ಚಿಡಿ. ವಾಟ್ಸಾಪ್‌ನಲ್ಲಿ ಬಂದಿತ್ತು, ಎಲ್ಲರಿಗೂ ಕೆಲಸ ಮಾಡಿದೆ.

ಮೆಕ್ಯಾನಿಕ್: ಮೂಡಿಗೆರೆ ಮೇಡಂ, ಆ ಗಾಡಿಯಲ್ಲಿ ಘಾಟಿ ಇಳಿಯಬೇಡಿ. ಕಾರಣ ಹೇಳುತ್ತೇನೆ.

ಪೆಟ್ರೋಲ್ ಸರಿಯಾಗಿ ಉರಿಯಲು 1 ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು. ಏರ್‌ಫ್ಲೋ ಸೆನ್ಸರ್ ಗಾಳಿ ಅಳೆದು ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರಿಗೆ, ಹೇಳುತ್ತದೆ. ಸೆನ್ಸರ್ ದಾಟಿದ ಮೇಲೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ಆಗ ಗಾಳಿ ಜಾಸ್ತಿಯಾಗಿದೆ ಅಂತ ಆಕ್ಸಿಜನ್ ಸೆನ್ಸರ್ ದೂರು ಹೇಳುತ್ತದೆ, ಇಸಿಯು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಅದೇ ನಿಮ್ಮ +22. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಮ್ಮಿ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. 2500ಕ್ಕೆ ಹೋದರೆ ಆ ಪಾಲು ಸಣ್ಣದಾಗುತ್ತದೆ, ಟ್ರಿಮ್ ಇಳಿಯುತ್ತದೆ. ಪಂಪ್ ಅಥವಾ ಫಿಲ್ಟರ್ ಸೋತಿದ್ದರೆ ಸಾಮಾನ್ಯವಾಗಿ ಉಲ್ಟಾ, ಲೋಡ್ ಬಿದ್ದಾಗ ಟ್ರಿಮ್ ಏರುತ್ತದೆ. ಆಕ್ಸಿಜನ್ ಸೆನ್ಸರ್ ಬದಲಾಯಿಸಿದ್ದು ದೂರು ಹೇಳಲು ಬಂದವನಿಗೇ ಹೊಡೆದು ಕಳಿಸಿದ ಹಾಗೆ.

ಪಿಸಿವಿ ಹೋಸ್ (ಎಂಜಿನ್ ಒಳಗಿನ ಹಬೆ ಎಳೆಯುವ ಪೈಪು), ಗಾಳಿ ಪೈಪಿನ ಜೋಡಣೆಯಲ್ಲಿರುವ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಿಂದಲೂ ಗಾಳಿ ಬರಬಹುದು. ಆದರೆ ಅವಕ್ಕೂ ಬ್ರೇಕಿಗೂ ಸಂಬಂಧವಿಲ್ಲ. ನಿಮ್ಮ ಪೆಡಲ್ ಗಟ್ಟಿಯಾಗಿದೆ. ಎಂಜಿನ್ ಗಾಳಿ ಎಳೆಯುವ ಬಲದಿಂದ ಪೆಡಲ್ ಹಗುರ ಮಾಡುವುದು ಬ್ರೇಕ್ ಬೂಸ್ಟರ್. ನನ್ನ ಅನುಮಾನ ಅದರ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಅಥವಾ ಹೋಸ್ ಹರಿದಿದೆ ಅಂತ. ಹೀಗೆ ನೋಡಿ: ಎಂಜಿನ್ ಆಫ್ ಮಾಡಿ ಬ್ರೇಕ್ ನಾಲ್ಕೈದು ಸಲ ಒತ್ತಿ. ಪೆಡಲ್ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಪೆಡಲ್ ಹತ್ತಿರ ಉಸ್ಸ್ ಅಂತ ಸದ್ದು ಬರುತ್ತಾ ಕೇಳಿ.

ಮಂಡ್ಯದವರೇ, ಟ್ಯಾಂಕು ಬಟ್ಟೆ ಬೀರು ಅಲ್ಲ. ಬ್ಯಾಟರಿ ಬಿಚ್ಚಿದರೆ ಕೋಡ್, ಟ್ರಿಮ್ ಎರಡೂ ಅಳಿಸಿಹೋಗುತ್ತವೆ. ಆಮೇಲೆ ನಾವು ಏನು ನೋಡಿ ರಿಪೇರಿ ಮಾಡುವುದು?

ಹಾಸನದ ಸದಸ್ಯ: ಸುಮ್ನೆ ಏನೇನೋ ಹೇಳಬೇಡಿ. ಎಲ್ಲ ಈ ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನಿಂದ ಬಂದಿದ್ದು.

ದಾವಣಗೆರೆಯ ಸದಸ್ಯ: ನಾನೂ ಅದೇ ಪೆಟ್ರೋಲ್ ಹಾಕಿಸುತ್ತೇನೆ, ಗಾಡಿ ಚೆನ್ನಾಗಿದೆ.

ಹಾಸನದ ಸದಸ್ಯ: ನಿಮ್ಮದು ಬಂಕ್ ಇದೆಯಾ?

ದಾವಣಗೆರೆಯ ಸದಸ್ಯ: ಇದ್ದಿದ್ದರೆ ನಿಮಗೆ ಒಂದು ಲೀಟರ್ ಫ್ರೀ ಕೊಡುತ್ತಿದ್ದೆ, ಬಾಯಿ ಮುಚ್ಚಿಕೊಳ್ಳಲಿಕ್ಕೆ.

ಹಾಸನದ ಸದಸ್ಯ: ಅಡ್ಮಿನ್, ಈ ಭಾಷೆ ಸರೀನಾ?

ಮೆಕ್ಯಾನಿಕ್: ಇ20ಗೆ 1 ಕೆಜಿಗೆ 14.7ರ ಬದಲು ಸುಮಾರು 13.5 ಕೆಜಿ ಗಾಳಿ ಸಾಕು. ಟ್ರಿಮ್ ಸ್ವಲ್ಪ ಏರಬಹುದು, ಆದರೆ ಎಲ್ಲ ಆರ್‌ಪಿಎಂನಲ್ಲೂ. ಬ್ರೇಕ್ ಒತ್ತಿದಾಗ ಅಲ್ಲ. ಜಗಳ ಬೇರೆ ಕಡೆ ಮಾಡಿ.

ಕೋಲಾರದ ಸದಸ್ಯ: ಎಸಿ ಹಾಕಿದರೆ ಆರ್‌ಪಿಎಂ ಬೀಳುತ್ತದೆ ಸರ್, ಏನು ಮಾಡಲಿ?

ಮೆಕ್ಯಾನಿಕ್: ಮೇಲೆ ಓದಿ.

ಮಂಡ್ಯದ ಸದಸ್ಯ: ಹಾಗಾದರೆ ಹೋಸ್‌ಗೆಲ್ಲ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದರೆ ಲೀಕ್ ಗೊತ್ತಾಗುತ್ತಂತೆ. ವಿಡಿಯೋ ಹಾಕಲಾ?

ಮೆಕ್ಯಾನಿಕ್: ಬೇಡ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಹೊಗೆ ಬಿಟ್ಟು ಲೀಕ್ ಹುಡುಕುವ ಮೆಷಿನ್ ಇದೆ. ನಿಮ್ಮ ವಿಡಿಯೋ ನಿಮ್ಮ ಹತ್ತಿರವೇ ಇರಲಿ.

ಹುಣಸೂರಿನ ಸದಸ್ಯ: ಓಮ್ನಿ ಸ್ಕ್ರೂ?

ಬಳ್ಳಾರಿಯ ಸದಸ್ಯ: ಎಸಿ ಆನ್ ಮಾಡಿದಾಗ...

ಮೆಕ್ಯಾನಿಕ್: ಥ್ರಾಟಲ್ ಬಾಡಿ. ಮೂರನೇ ಸಲ.

ಮೂಡಿಗೆರೆಯ ಸದಸ್ಯೆ: ಸರ್, ಈಗ ನೋಡಿದೆ. ಪೆಡಲ್ ಇಳಿಯಲೇ ಇಲ್ಲ. ಉಸ್ಸ್ ಅಂತ ಸದ್ದೂ ಬರುತ್ತಿದೆ. ಗ್ಯಾರೇಜು 3 ಕಿ.ಮೀ. ದೂರ, ನಿಧಾನಕ್ಕೆ ಓಡಿಸಿಕೊಂಡು ಹೋಗಲಾ?

ಮೆಕ್ಯಾನಿಕ್: ಬೇಡ, ಟೋ ಮಾಡಿಸಿ. ಹೋಸ್, ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವುದು) ಮೊದಲು ನೋಡಲು ಹೇಳಿ, ಬೂಸ್ಟರ್ ಆಮೇಲೆ. ಭಾನುವಾರ ಬಸ್ಸಿಗೆ ಹೋಗಿ.